ಗೋಡೆಯಿಲ್ಲದ ಗೂಡು

ಪುಣೆಯ ನಮ್ಮ ಕಚೇರಿಯಲ್ಲಿ ವರ್ಷಕ್ಕೊಮ್ಮೆ ನೌಕರರೆಲ್ಲ ಒಂದು ನಮೂನೆ ತುಂಬಬೇಕು. ಅದರಲ್ಲಿ ಒಂದು ಪ್ರಶ್ನೆ: ‘ನಿಮ್ಮ ನೀಶ್ ಯಾವುದು?’ ಬೇರೆಯವರು ಕೈಯಿಡದ, ನಿಮಗಷ್ಟೇ ಪಳಗಿದ ಕಿರಿದಾದ ಕ್ಷೇತ್ರ ಯಾವುದು ಎಂದು ತಾತ್ಪರ್ಯ. ಈ ಸಲ ಅದರ ಬಗ್ಗೆ ಸಭೆಯೇ ಸೇರಿತು. ಅರ್ಧ ಗಂಟೆ ಹೋದದ್ದು ಮಾತ್ರ ಉಚ್ಚಾರಕ್ಕೆ. ಬ್ರಿಟನ್ನಿನ ಗಿರಾಕಿಗಳೊಡನೆ ವ್ಯವಹರಿಸುವವರು ‘ನೀಶ್’ ಎಂದರು, ಅಮೆರಿಕದವರೊಡನೆ ವ್ಯವಹರಿಸುವವರು ‘ನಿಚ್’ ಎಂದರು. ಎರಡೂ ಚಲಾವಣೆಯಲ್ಲಿವೆ, ಇಂಗ್ಲಿಷಿನಲ್ಲಿ ‘ನಿಚ್’ ಎಂಬುದೇ ಹೆಚ್ಚು ಹಳೆಯದು. ನಾನು ಬಾಯಿ ಬಿಡದೆ ಶಿರಸಿಯ ತೋಟವನ್ನು ನೆನೆಯುತ್ತ ಕುಳಿತಿದ್ದೆ. ಕೊಳೆರೋಗ ಬಾರದಿರಲೆಂದು ಮೈಲುತುತ್ತ, ಸುಣ್ಣ ಬೆರೆಸಿ ಅಡಿಕೆ ಕೊನೆಗೆ (ಗೊನೆಗೆ) ಹೊಡೆಯುವ ಔಷಧಕ್ಕೆ ನಮ್ಮಲ್ಲಿ ಅಕ್ಷರ ಬಾರದವರೂ ‘ಬೋರ್ಡೋ’ ಎನ್ನುತ್ತಾರೆ. ಅದು ಫ್ರಾನ್ಸಿನ ಒಂದು ಊರಿನ ಹೆಸರು. 1880ರ ದಶಕದಲ್ಲಿ ಅಲ್ಲಿಯ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದ ಔಷಧ. ಅದರ ಕಾಗುಣಿತದ ಕೊನೆಯಲ್ಲಿರುವ ‘ಎಕ್ಸ್’ ಅಕ್ಷರವನ್ನು ನಮ್ಮೂರಿನಲ್ಲಿ ಯಾರೂ ಉಚ್ಚರಿಸಿದ್ದನ್ನು ನಾನು ಕೇಳಿಲ್ಲ. ಕಿವಿಯಿಂದ ಕಲಿತವರಿಗೆ ಸಭೆ ಬೇಕಾಗಲಿಲ್ಲ.

ಹಾಗೆಂದು ಈ ಕೊಡುಕೊಳ್ಳುವಿಕೆಯಲ್ಲಿ ನಾವು ಬರೀ ಸಾಲಗಾರರೂ ಅಲ್ಲ. 1876ರಲ್ಲಿ ಕೂಕ್ ಎಂಬ ಬ್ರಿಟಿಷ್ ಶಿಲೀಂಧ್ರ ತಜ್ಞ ಕಾಫಿಗೆ ಕೊಳೆ ತರುವ ಶಿಲೀಂಧ್ರಕ್ಕೆ ಶಾಸ್ತ್ರೀಯ ಹೆಸರಿಡುವಾಗ ಅದರ ಎರಡನೆಯ ಭಾಗಕ್ಕೆ ನಮ್ಮ ‘ಕೊಳೆರೋಗ’ವನ್ನೇ ಇಟ್ಟ. ಅಡಿಕೆಯ ರೋಗಕ್ಕೂ ಇಂಗ್ಲಿಷ್ ಬರಹಗಳಲ್ಲಿ ಅದೇ ಹೆಸರು ನಿಂತಿತು. ಕೊಳೆತ ಅಡಿಕೆಯನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದ ನಮ್ಮ ಆಯಿಗೆ ತಾನೊಂದು ಅಂತರರಾಷ್ಟ್ರೀಯ ಪಾರಿಭಾಷಿಕ ಪದ ಬಳಸುತ್ತಿದ್ದೇನೆಂಬ ಕಲ್ಪನೆಯೂ ಇರಲಿಲ್ಲ.

ಇನ್ನು ನೀಶ್. ಇದೂ ಫ್ರೆಂಚರಿಂದ ಬಂದದ್ದೇ. ವಿಗ್ರಹವನ್ನೋ ದೀಪವನ್ನೋ ಇಡಲು ಗೋಡೆಯಲ್ಲಿ ಬಿಟ್ಟ ಪೊಳ್ಳು ಎಂಬುದು ಮೊದಲ ಅರ್ಥ. ಅದರ ಬೇರು ಹಕ್ಕಿಯ ಗೂಡು ಎಂಬ ಅರ್ಥದ ಲ್ಯಾಟಿನ್ ಪದ ‘ನೀಡುಸ್’ ಎಂದು ಕೆಲವರು, ಚಿಪ್ಪು ಎಂಬ ಅರ್ಥದ ಇಟಲಿಯ ಪದ ‘ನಿಕ್ಕಿಯೊ’ ಎಂದು ಇನ್ನು ಕೆಲವರು. ಕರಾವಳಿಯ ಕುಮಟಾದವರು ಚಿಪ್ಪಿಗೆ ಮತ ಹಾಕಿಯಾರು. ನಾನು ಘಟ್ಟದ ಮೇಲಿನವನು, ಗೂಡಿನ ಪಕ್ಷ. ಕನ್ನಡದಲ್ಲಿ ಹಕ್ಕಿಯದೂ ಗೂಡು, ಜಗುಲಿಯ ಮಣ್ಣುಗೋಡೆಯಲ್ಲಿ ಚಿಮಣಿ ದೀಪ ಇಡುತ್ತಿದ್ದ ಜಾಗವೂ ಗೂಡು. ಇಲ್ಲಿಯ ಮರಾಠಿಯಲ್ಲಿ ಹಕ್ಕಿಯದು ‘ಘರಟೆ’, ಗೋಡೆಯದು ‘ಕೋನಾಡಾ’, ಒಂದಕ್ಕೊಂದು ನಂಟಿಲ್ಲ. ಎಲ್ಲಿಯ ಲ್ಯಾಟಿನ್, ಎಲ್ಲಿಯ ಹವ್ಯಕರ ಜಗುಲಿ! ಆದರೂ ಹಕ್ಕಿಯ ಮನೆಯನ್ನು ನೋಡಿ ಗೋಡೆಯ ಪೊಳ್ಳಿಗೆ ಹೆಸರಿಡುವ ಬುದ್ಧಿ ಎರಡೂ ಕಡೆ ಹೊಳೆದಿದೆ.

ಗೋಡೆಯ ಗೂಡಿಗೆ ಅದರದೇ ಎನ್ನುವ ಇಟ್ಟಿಗೆಯಿಲ್ಲ, ಮಣ್ಣಿಲ್ಲ. ಗೋಡೆ ಬಿಟ್ಟುಕೊಟ್ಟ ಜಾಗವೇ ಗೂಡು. ಅದನ್ನು ಕಿತ್ತು ಪುಣೆಗೆ ಒಯ್ಯುತ್ತೇನೆ ಎಂದರೆ ಕೈಯಲ್ಲಿ ಏನೂ ಇರುವುದಿಲ್ಲ. ಕಚೇರಿಯವರ ನೀಶ್ ಇದಕ್ಕೆ ತೀರಾ ಉಲ್ಟಾ, ಚೀಲದಲ್ಲಿ ಹಾಕಿಕೊಂಡು ಓಡಾಡುವಂಥದ್ದು. ನನ್ನದು ಬ್ಯಾಂಕುಗಳ ಹಳೆಯ ತಂತ್ರಾಂಶದಲ್ಲಿರುವ ಲೆಕ್ಕವನ್ನು ಹೊಸದಕ್ಕೆ ಸಾಗಿಸುವ ಕೆಲಸ. ಹದಿನಾಲ್ಕು ವರ್ಷದಲ್ಲಿ ಮೂರು ಕಂಪನಿ ಬದಲಿಸಿದೆ, ನೀಶ್ ಅದೇ. ನನ್ನಂಥವರು ಎಷ್ಟು ಕಡಿಮೆಯೋ ಅಷ್ಟು ಸಂಬಳ ಹೆಚ್ಚು. ಅದರಿಂದ ಮನೆ ಸಾಲ ತೀರಿದೆ, ಹಾಗಾಗಿ ದೂರುವುದಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಬರೆಯುವಾಗ ಪ್ರತಿ ಸಲವೂ ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡರು ನೆನಪಾಗುತ್ತಾರೆ.

ಅವರ ವಿಶೇಷ ಕ್ಷೇತ್ರ ಯಾವುದೆಂದು ಯಾರೂ ಕೇಳಿದ್ದಿಲ್ಲ, ಹೆಸರೇ ಹೇಳುತ್ತಿತ್ತು. ಮಳೆ ಹಿಡಿಯುವ ಮುನ್ನ ಔಷಧ ಹೊಡೆಯುವುದು, ಮಳೆಗೆ ಮರೆಯಾಗಿ ಕರಡದ ಹುಲ್ಲಿನ ಕೊಟ್ಟೆ ಕಟ್ಟುವ ಮನೆಗಳಲ್ಲಿ ಕೊನೆಗೆ ಕೊಟ್ಟೆ ಕಟ್ಟುವುದು, ದೀಪಾವಳಿಯ ಆಚೀಚೆ ಕೊಯ್ಲು. ಒಂದು ಮರದ ತುದಿಯಲ್ಲಿ ಕುಳಿತು ಪಕ್ಕದ ಮರವನ್ನು ಎಳೆದುಕೊಂಡು, ನೆಲಕ್ಕಿಳಿಯದೆ ದಾಟುತ್ತಿದ್ದರು. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿಕೊಂಡು ಕೆಳಗಿದ್ದವನ ಕೈಗೆ ಬರುತ್ತಿತ್ತು. ಯಾವ ಕೊನೆಯನ್ನು ಹಸಿರಿರುವಾಗಲೇ ಕೊಯ್ದು ಬೇಯಿಸಬೇಕು, ಯಾವುದನ್ನು ಹಣ್ಣಾಗಲು ಬಿಟ್ಟು ಒಣಗಿಸಿ ಚಾಲಿ ಮಾಡಬೇಕು ಎಂಬುದಕ್ಕೆ ಅಪ್ಪಯ್ಯ ಕೆಳಗಿನಿಂದ ಕೂಗಿ ಕೇಳುತ್ತಿದ್ದದ್ದು ಅವರನ್ನೇ. ಸುಲಿಯುವವರಿಗೆ ಹೇಳಿಕಳಿಸುವುದು, ಅಡಿಕೆ ಬೇಯಿಸಲು ಹಂಡೆ ಏರಿಸುವುದು, ಅಂಗಳಕ್ಕೆ ಅಟ್ಟ ಕಟ್ಟುವುದು, ಎಲ್ಲವೂ ಅವರು ಬರುವ ದಿನವನ್ನು ನೋಡಿಕೊಂಡು ನಡೆಯುತ್ತಿತ್ತು. ಅವರಂಥವರು ಕಡಿಮೆ ಎಂಬುದಕ್ಕಲ್ಲ, ಸುತ್ತಲಿನ ಹತ್ತು ಕೆಲಸ ಅವರ ಮೇಲೆ ನಿಂತಿತ್ತು ಎಂಬುದಕ್ಕೆ ಅವರಿಗೆ ಬೆಲೆ. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ಎಲ್ಟನ್ 1927ರಲ್ಲಿ ನೀಶ್ ಪದವನ್ನು ಪರಿಸರ ವಿಜ್ಞಾನಕ್ಕೆ ವಿವರಿಸುವಾಗ ಹಿಡಿದದ್ದೂ ಈ ಎಳೆಯನ್ನೇ. ಊರಿನ ಪಾದ್ರಿ ಹೋಗುತ್ತಿದ್ದಾರೆ ಎಂದೊಡನೆ ಅವರಿಗೂ ಊರಿಗೂ ಇರುವ ಸಂಬಂಧ ಹೊಳೆಯುತ್ತದಲ್ಲ, ಒಂದು ಪ್ರಾಣಿಯನ್ನು ಕಂಡಾಗಲೂ ಹಾಗೆ ಹೊಳೆಯಬೇಕು ಎಂಬುದು ಅವನ ಮಾತಿನ ಸಾರ. ಅವನು ಶಿರಸಿಯಲ್ಲಿ ಹುಟ್ಟಿದ್ದರೆ ಪಾದ್ರಿಯನ್ನು ಬಿಟ್ಟು ಕೊನೆಗೌಡರನ್ನು ಹಿಡಿಯುತ್ತಿದ್ದ.

ಇಷ್ಟೆಲ್ಲ ಹೇಳಿಯೂ, ನೀಶ್ ಬಂದಲ್ಲೆಲ್ಲ ಗೂಡು ಎಂದು ಬರೆಯಿರಿ ಎಂಬ ಹಟ ನನಗಿಲ್ಲ. ವಿಜ್ಞಾನದ ಪಾಠದಲ್ಲಿ ಅದು ದಾರಿ ತಪ್ಪಿಸುತ್ತದೆ. ಗೂಡು ಎಂದರೆ ಮಕ್ಕಳು ಪ್ರಾಣಿ ವಾಸಿಸುವ ಜಾಗ ಎಂದುಕೊಳ್ಳುತ್ತಾರೆ. 1957ರಲ್ಲಿ ಹಚಿನ್ಸನ್ ಎಂಬ ವಿಜ್ಞಾನಿ ಈ ಪದಕ್ಕೆ ಕೊಟ್ಟ ಅರ್ಥದಲ್ಲಿ ಜಾಗವೇ ಇಲ್ಲ. ಎಷ್ಟು ಬಿಸಿಲು, ಎಷ್ಟು ನೀರು, ಎಂಥ ಆಹಾರ ಇದ್ದರೆ ಜೀವಿ ಬದುಕುತ್ತದೆ ಎಂಬ ಮಿತಿಗಳ ಮೊತ್ತ ಅದು. ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಉಪ್ಪುನೀರು ಏರಿ ಬರುವ ತಗ್ಗು ಗದ್ದೆಯಲ್ಲಿ, ಬೆಳೆಯುವ ಕಗ್ಗ ಭತ್ತವನ್ನು ನೋಡಿದರೆ ತಿಳಿಯುತ್ತದೆ. ಗಜನಿ ಅದರ ವಾಸದ ನೆಲ. ಉಪ್ಪುನೀರು ನುಗ್ಗಿದರೂ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದೆ ನಿಲ್ಲುವ ಅದರ ತಾಳಿಕೆಯ ಎಲ್ಲೆ ಬೇರೆಯೇ ಸಂಗತಿ. ಇದಕ್ಕೆ ಗೂಡು ಎಂದರೆ ಕುಮಟಾದ ರೈತರು ನಕ್ಕಾರು. ಮಾರಾಟದವರ ನೀಶ್ ಮಾರುಕಟ್ಟೆಗೂ ನನ್ನಲ್ಲಿ ಕನ್ನಡವಿಲ್ಲ. ಗೂಡಂಗಡಿ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ, ಆದರೆ ಅಲ್ಲಿ ಬೀಡಿ, ಬಾಳೆಹಣ್ಣು, ಮೊಬೈಲ್ ಕರೆನ್ಸಿ ಎಲ್ಲವೂ ಸಿಗುತ್ತದೆ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ನಮ್ಮ ತೋಟದ ಕೊಯ್ಲು ನಡೆಯುತ್ತಿತ್ತು. ಇಬ್ಬರು ಹುಡುಗರು ನೆಲದ ಮೇಲೆ ನಿಂತು, ಕಾರ್ಬನ್ ಫೈಬರಿನ ಉದ್ದನೆಯ ದೋಟಿಯಿಂದ ಕೊನೆ ಇಳಿಸುತ್ತಿದ್ದರು. ಔಷಧ ಹೊಡೆಯುವುದಕ್ಕೂ ಈಗ ದೋಟಿಯೇ. ಮರದಿಂದ ಬಿದ್ದು ಬೆನ್ನು ಮುರಿದುಕೊಳ್ಳುವ ಭಯವಿಲ್ಲ, ಒಳ್ಳೆಯದೇ. ಕೊನೆಗೌಡರು ಮರ ಹತ್ತುವುದನ್ನು ಬಿಟ್ಟು ಆರೇಳು ವರ್ಷವಾಗಿದೆ, ಮಗ ಗೋವಾದ ಹೋಟೆಲಿನಲ್ಲಿದ್ದಾನೆ. ಆದರೂ ಕೊಯ್ಲಿನ ದಿನ ಬಂದು ನಮ್ಮ ಜಗುಲಿಯ ಅಂಚಿನಲ್ಲಿ ಕುಳಿತಿದ್ದರು. ಪುಣೆಯಲ್ಲಿ ಎಂಥ ಕೆಲಸ ಎಂದು ಕೇಳಿದರು. ಬ್ಯಾಂಕಿನ ಹಳೆಯ ಲೆಕ್ಕವನ್ನು ಹೊಸ ಕಂಪ್ಯೂಟರಿಗೆ ಸಾಗಿಸುವುದು, ಅದನ್ನು ಬಲ್ಲವರು ಬಹಳ ಇಲ್ಲ ಎಂದೆ.

“ಎಲ್ಲ ಸಾಗಿಸಿ ಮುಗಿದ ಮೇಲೆ, ಸಣ್ಣ ಹೆಗಡೆಯವರೇ?”

ಇನ್ನೂ ಹತ್ತು ವರ್ಷಕ್ಕಾಗುವಷ್ಟಿದೆ ಎಂದೆ. ಸಾಕಷ್ಟಾಯಿತು ಎಂದು ಅವರು ಎಲೆಯಡಿಕೆಯ ಕವಳದ ಹರಿವಾಣವನ್ನು ಹತ್ತಿರಕ್ಕೆ ಎಳೆದುಕೊಂಡರು.