ಕೂಡಿಸಿ, ಕಳೆದು, ಕಪ್ ನಮ್ದೇ

ನಮ್ಮ ಅಕ್ಕನ ಮಗ ಪಿಯುಸಿ ಗಣಿತಕ್ಕೆ ಎರಡು ಸಲ ಕೂತು, ಮೂರನೇ ಸಲ ಹೇಗೋ 35ರ ದಡ ಮುಟ್ಟಿದವನು. ಐಪಿಎಲ್ ಶುರುವಾಯಿತೆಂದರೆ ಅದೇ ಹುಡುಗ ಆರ್ಯಭಟನ ಮೊಮ್ಮಗ. ನೆಟ್ ರನ್‌ರೇಟನ್ನು, ಅಂದರೆ ಓವರಿಗೆ ಹೊಡೆದ ರನ್ನಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದ ಅಂಕಿಯನ್ನು, ಮೂರು ದಶಮಾಂಶದವರೆಗೆ ಬಾಯಲ್ಲೇ ಒಪ್ಪಿಸುತ್ತಾನೆ. "ಮಾವ, ಆಲ್‌ಔಟ್ ಆದ್ರೆ ಎಷ್ಟು ಓವರ್ ಆಡಿದ್ರು ಅನ್ನೋದು ಲೆಕ್ಕಕ್ಕಿಲ್ಲ, ಪೂರ್ತಿ ಇಪ್ಪತ್ತರಿಂದಲೇ ಭಾಗಿಸ್ಬೇಕು" ಎಂದು ನನಗೇ ಪಾಠ. ಇಂಥವರು ಬೆಂಗಳೂರಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ. ಮೇಷ್ಟ್ರುಗಳು ಬೆತ್ತ ಹಿಡಿದೂ ಕಲಿಸಲಾಗದ ಭಾಗಾಕಾರವನ್ನು ಆರ್‌ಸಿಬಿ ಸೋತು ಸೋತೇ ಕಲಿಸಿಬಿಟ್ಟಿತು.

ಪಾಠ ಶುರುವಾದದ್ದು 2008ರ ಏಪ್ರಿಲ್ 18ಕ್ಕೆ, ಚಿನ್ನಸ್ವಾಮಿಯಲ್ಲೇ. ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತದ ಮೆಕಲಮ್ ಒಬ್ಬರೇ 158. ನಮ್ಮವರು ಅಷ್ಟೂ ಜನ ಸೇರಿ 82, ಅದರಲ್ಲೂ 19 ಎದುರಾಳಿಗಳು ಧರ್ಮಕ್ಕೆ ಕೊಟ್ಟ ಎಕ್ಸ್‌ಟ್ರಾ. ಆಮೇಲೆ 2009, 2011, 2016ರಲ್ಲಿ ಫೈನಲ್‌ವರೆಗೆ ಹೋಗಿ ಬರಿಗೈಲಿ ವಾಪಸ್. 2017ರಲ್ಲಿ ಕೋಲ್ಕತ್ತದಲ್ಲಿ 49ಕ್ಕೆ ಆಲ್‌ಔಟ್. ಪ್ರತಿ ಸಲವೂ ಮರುದಿನ ಬೆಳಗ್ಗೆ ಅದೇ ಮಾತು: ಈ ಸಲ ಹೋಯ್ತು, ಮುಂದಿನ ಸಲ ಕಪ್ ನಮ್ದೇ.

ಈ ಗಣಿತ ಪಿಎಚ್‌ಡಿ ಮಟ್ಟಕ್ಕೆ ಏರಿದ್ದು 2024ರಲ್ಲಿ. ಎಂಟು ಪಂದ್ಯ, ಏಳು ಸೋಲು. ಬೇರೆ ಊರಿನವರಾದರೆ ಟಿವಿ ಆರಿಸಿ ಮಲಗುತ್ತಿದ್ದರು. ನಮ್ಮ ಹುಡುಗ ಹೊಸ ನೋಟ್‌ಬುಕ್ ತಂದ. ಇವರು ಅವರನ್ನು ಸೋಲಿಸಬೇಕು, ಅವರು ಇನ್ನೊಬ್ಬರ ಕೈಲಿ ಸೋಲಬೇಕು, ಆ ಇನ್ನೊಬ್ಬರ ಪಂದ್ಯಕ್ಕೆ ಮಳೆ ಬರಬೇಕು, ನಮ್ಮ ಪಂದ್ಯಕ್ಕೆ ಮಾತ್ರ ಹನಿಯೂ ಬೀಳಬಾರದು. ನಲ್ಲಿಯಲ್ಲಿ ನೀರಿಲ್ಲದೆ ಟ್ಯಾಂಕರ್‌ಗೆ ಕಾದ ಬೇಸಿಗೆ ಅದು. ಅಂಥದ್ದರಲ್ಲಿ ಮಳೆ ಬರಬೇಡಪ್ಪ ಎಂದು ದೇವರಿಗೆ ಹರಕೆ! ಮೇ 18ರಂದು ಚೆನ್ನೈಯನ್ನು 18 ರನ್‌ಗಳಿಂದ ಸೋಲಿಸಿದರೆ ಮುಂದಿನ ಸುತ್ತಿಗೆ ಸಾಕು ಎಂಬಲ್ಲಿಗೆ ಬಂದು ನಿಂತಿತು ಲೆಕ್ಕ. ಕೊನೆಯ ಓವರಿನ ಮೊದಲ ಚೆಂಡನ್ನು ಧೋನಿ ಮೈದಾನದಾಚೆ ಅಟ್ಟಿದರು. ನಮ್ಮ ಅಕ್ಕ ದೇವರ ಮನೆಗೆ ಓಡಿದಳು. ಮುಂದಿನ ಚೆಂಡಿಗೆ ಧೋನಿ ಔಟ್. ರನ್‌ರೇಟಿನಲ್ಲಿ ನಾವು 0.459, ಅವರು 0.392. ರಾತ್ರಿಯಿಡೀ ಪಟಾಕಿ. ಗೆದ್ದದ್ದು ನಾಲ್ಕನೇ ಸ್ಥಾನ ಸ್ವಾಮಿ! ನಾಲ್ಕು ದಿನ ಬಿಟ್ಟು ಅಹಮದಾಬಾದಿನಲ್ಲಿ ರಾಜಸ್ಥಾನದವರು ಮನೆಗೆ ಕಳಿಸಿದರು.

ಅದೇ ವರ್ಷ ಮಾರ್ಚ್‌ನಲ್ಲಿ ಆರ್‌ಸಿಬಿಯ ನಮ್ಮ ಹೆಣ್ಣುಮಕ್ಕಳು ಮಹಿಳಾ ಪ್ರೀಮಿಯರ್ ಲೀಗ್‌ನ ಎರಡನೇ ಸೀಸನ್‌ಗೇ ಕಪ್ ಎತ್ತಿದ್ದರು. ಅದಕ್ಕೆ ನೋಟ್‌ಬುಕ್ಕಿನಲ್ಲಿ ಒಂದೂವರೆ ಸಾಲು ಜಾಗ ಸಿಕ್ಕಿದೆ. ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್, ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ, ಇಬ್ಬರೂ 2019ರಲ್ಲೇ ಪ್ರಶಸ್ತಿ ತಂದರಲ್ಲೋ ಎಂದರೆ, "ಹೌದಾ ಮಾವ?" ಅಂದ.

2025ಕ್ಕೆ ಜಮಾ–ಖರ್ಚಿನದೇ ಗೊಂದಲ. ಏಪ್ರಿಲ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ ದೆಹಲಿ ಪರವಾಗಿ ಬಂದು, ಚಿನ್ನಸ್ವಾಮಿಯಲ್ಲಿ ನಮಗೇ 93 ಬಾರಿಸಿ, ಬ್ಯಾಟಿನಿಂದ ನೆಲದ ಮೇಲೆ ಸುತ್ತು ಗೆರೆ ಎಳೆದು ಇದು ನನ್ನ ಜಾಗ ಎಂದು ತೋರಿಸಿದ. ಮನೆ ಮಗ ಬಾರಿಸಿದ್ದನ್ನು ಜಮೆಗೆ ಹಾಕುವುದೋ ಖರ್ಚಿಗೋ? ಹುಡುಗ ಪೆನ್ಸಿಲ್‌ನಲ್ಲಿ ಬರೆದಿಟ್ಟ. ಪರಸ್ಥಳದ ಏಳೂ ಲೀಗ್ ಪಂದ್ಯ ಗೆದ್ದ ತಂಡ, ಮನೆಯಂಗಳದಲ್ಲಿ ಮಾತ್ರ ಮೊದಲ ಮೂರನ್ನೂ ಸೋತಿತ್ತು.

ಕೊನೆಗೆ ಲೆಕ್ಕ ಕೈಬಿಟ್ಟು ಸಂಖ್ಯಾಶಾಸ್ತ್ರ ಹಿಡಿದ. ಕೊಹ್ಲಿ ಜೆರ್ಸಿ 18, ಸೀಸನ್ 18. ಫೈನಲ್ 3–6–2025: ಅಂಕಿ ಕೂಡಿಸಿ ನೋಡಿ, 18! ಪಂಜಾಬ್ ಆರು ರನ್‌ಗಳಿಂದ ಸೋತಿತು. ಇಷ್ಟು ವರ್ಷದ ಲೆಕ್ಕ ಆ ರಾತ್ರಿ ತಾಳೆಯಾಯಿತು. ಅವನು ಅತ್ತ, ನಾನೂ ಸ್ವಲ್ಪ ಅತ್ತೆ.

ಮರುದಿನ ಎರಡು ಕಡೆ ಸನ್ಮಾನ. ವಿಧಾನಸೌಧದ ಮೆಟ್ಟಿಲ ಮೇಲೊಂದು, ಅಲ್ಲಿಂದ ಕೂಗಳತೆಯ ಸ್ಟೇಡಿಯಂನಲ್ಲೊಂದು. ಮೆಟ್ಟಿಲ ಮೇಲೆ ಆಟಗಾರರ ಪಕ್ಕ ಯಾರ ಕುಟುಂಬ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂಬ ಲೆಕ್ಕ ಪಕ್ಕಾ ಇತ್ತು. ಸ್ಟೇಡಿಯಂನಲ್ಲಿ ಹಿಡಿಸುವುದು ಹೆಚ್ಚೆಂದರೆ 35 ಸಾವಿರ, ಬಂದದ್ದು ಲಕ್ಷಗಟ್ಟಲೆ. ಒಂದು ಗೇಟಿನಲ್ಲಿ ಒಮ್ಮೆಗೆ ಎಷ್ಟು ಜನ ತೂರಬಹುದು ಎಂದು ಕೂಡಿಸಿ ನೋಡಲು ಮಾತ್ರ ಯಾರಿಗೂ ಪುರಸೊತ್ತಿರಲಿಲ್ಲ. ಇದಕ್ಕೆ ದಶಮಾಂಶವೂ ಬೇಕಿರಲಿಲ್ಲ, ಪ್ರೈಮರಿ ಶಾಲೆಯ ಲೆಕ್ಕ. ಕಾಲ್ತುಳಿತದಲ್ಲಿ ಹನ್ನೊಂದು ಜನ ಹೋದರು.

ಆಮೇಲೆ ಶುರುವಾಯಿತು ನೋಡಿ ನಿಜವಾದ ಭಾಗಾಕಾರ. ಸರ್ಕಾರ ಪೊಲೀಸರನ್ನು ಸಸ್ಪೆಂಡ್ ಮಾಡಿತು, ತಪ್ಪು ಅವರಿಂದ ಇವರಿಗೆ ಇವರಿಂದ ಅವರಿಗೆ ದಾಟಿತು. ತಪ್ಪನ್ನು ಅಷ್ಟು ಜನರಿಗೆ ಭಾಗಿಸಿದ ಮೇಲೆ ಒಬ್ಬೊಬ್ಬರ ಪಾಲಿಗೆ ಬಂದದ್ದು ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ.

ನಮ್ಮ ಹುಡುಗ ಅವತ್ತು ಅಲ್ಲೇ ಇದ್ದ. ರಾತ್ರಿ ಹತ್ತಕ್ಕೆ ಮನೆಗೆ ಬಂದಾಗ ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಯಾರೂ ಏನೂ ಕೇಳಲಿಲ್ಲ, ಅಕ್ಕ ಅನ್ನ ಬಡಿಸಿದಳು. ನೋಟ್‌ಬುಕ್ಕಿನಲ್ಲಿ ಜೂನ್ 3ರ ಹಾಳೆ ತುಂಬ ಕೆಂಪು ಸ್ಕೆಚ್‌ಪೆನ್ನಿನ ಅಕ್ಷರ, ಅದರ ಮಗ್ಗುಲ ಹಾಳೆ ಖಾಲಿ. ಆ ಒಂಟಿ ಚಪ್ಪಲಿಯನ್ನು ಅಕ್ಕ ಇನ್ನೂ ಎಸೆದಿಲ್ಲ.