ತೀರಾ ಅಂಚಿಗೆ ಸರಿಯಬೇಡಿ
ಸೈಕಲ್ ಕಲಿಕೆ ಬಗ್ಗೆ ನಿಮ್ಮ ಬರಹ ಓದಿದೆ. ಹೊಸದಾಗಿ ಸೈಕಲ್ ಹಿಡಿದವರು ರಸ್ತೆಯ ಅಂಚಿಗೇ ಅಂಟಿಕೊಂಡು ಹೋಗಬೇಕು ಅಂತ ಬರೆದಿದ್ದೀರಿ. ಇದೊಂದನ್ನು ನಾನು ಒಪ್ಪುವುದಿಲ್ಲ. ಮರಳು, ಗಾಜಿನ ಚೂರು, ಚರಂಡಿಯ ಜಾಲರಿ ಎಲ್ಲ ಇರುವುದು ಅಲ್ಲೇ ಅಲ್ವಾ? ಜಾಲರಿಯ ಸಂದು ನಾವು ಹೋಗುವ ದಿಕ್ಕಿಗೇ ಇದ್ದರೆ ತೆಳು ಟೈರ್ ಸೀದಾ ಒಳಗಿಳಿಯುತ್ತದೆ. ನಿಂತ ಕಾರುಗಳಿಂದಲೂ ಒಂದು ಮೀಟರ್‌ಗಿಂತ ಜಾಸ್ತಿ ದೂರ ಇರಿ. ಬಾಗಿಲು ಯಾವಾಗ ತೆರೆಯುತ್ತಾರೋ ಗೊತ್ತಾಗುವುದಿಲ್ಲ.

ಬ್ರೇಕ್ ಬಗ್ಗೆ ನೀವು ಬರೆದದ್ದು ಸರಿಯಾಗಿದೆ. ಆದರೆ ಸೈಕಲ್ ಓಡಿಸುತ್ತಲೇ ಹಿಂದೆ ತಿರುಗಿ ನೋಡುವುದರ ಬಗ್ಗೆ ಹೇಳದೆ ಬಿಟ್ಟೇಬಿಟ್ಟಿದ್ದೀರಿ! ಶುರುವಿನಲ್ಲಿ ತಲೆ ತಿರುಗಿದ ಕಡೆಗೇ ಹ್ಯಾಂಡಲ್ಲೂ ಎಳೆಯುತ್ತದೆ. ಇದನ್ನು ಖಾಲಿ ಮೈದಾನದಲ್ಲೇ ಪಳಗಿಸಿಕೊಳ್ಳಬೇಕು. ನೆಲದ ಮೇಲೆ ಒಂದು ಗೆರೆ ಎಳೆದು, ಅದನ್ನು ಬಿಡದೆ ಹೋಗುತ್ತಾ, ಹಿಂದೆ ನಿಂತ ಗೆಳೆಯ ಎಷ್ಟು ಬೆರಳು ತೋರಿಸಿದ ಅಂತ ಹೇಳಬೇಕು. ಆಟದಂತೆ ಕಾಣುತ್ತದೆ, ಅಷ್ಟು ಸುಲಭ ಅಲ್ಲ. ಅದು ಬಂದ ಮೇಲೆ ಕೈಸನ್ನೆ ಕಲಿತರೆ ಸಾಕು.