ಸತ್ಯಾಂಶ: ಪಿವಿಸಿ ಕೊಳವೆ ಹಾಕಿದರೆ ಕಾರಿನ ಶಕ್ತಿ ಹೆಚ್ಚುತ್ತದೆಯೇ?

‘ಬಂಪರ್‌ನಿಂದ ಏರ್ ಫಿಲ್ಟರ್‌ಗೆ 500 ರೂಪಾಯಿಯ ಪಿವಿಸಿ ಕೊಳವೆ ಜೋಡಿಸಿ, ಸ್ಪೋರ್ಟ್ಸ್ ಕಾರಿಗೆ 20 ಅಶ್ವಶಕ್ತಿ ಗಳಿಸಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಜವಲ್ಲ.

ಬಂಪರ್‌ನಿಂದ ಬರುವ ಹೊರಗಿನ ಗಾಳಿ ತಣ್ಣಗಿರುತ್ತದೆ, ತಣ್ಣನೆಯ ಗಾಳಿ ಹೆಚ್ಚು ಸಾಂದ್ರ, ಹಾಗಾಗಿ ಎಂಜಿನ್‌ಗೆ ಹೆಚ್ಚು ಆಮ್ಲಜನಕ ಸಿಗುತ್ತದೆ ಎಂಬುದೇನೋ ಸರಿ. ಉಷ್ಣಾಂಶ 3 ಡಿಗ್ರಿ ಸೆಲ್ಸಿಯಸ್ ಇಳಿದರೆ ಸಾಂದ್ರತೆ ಸುಮಾರು ಶೇ 1ರಷ್ಟು ಏರುತ್ತದೆ, ಅಷ್ಟೇ. ಇಂದಿನ ಬಹುತೇಕ ಕಾರುಗಳು ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುವಂತೆ ಕಾರ್ಖಾನೆಯಲ್ಲೇ ರೂಪುಗೊಂಡಿರುತ್ತವೆ. ಹೊಸ ಕೊಳವೆಯಿಂದ ಹೆಚ್ಚುವುದು ಮುಖ್ಯವಾಗಿ ಸದ್ದು. ಅದನ್ನೇ ಶಕ್ತಿಯೆಂದು ಕಿವಿ ನಂಬಿಬಿಡುತ್ತದೆ.

ನನಗೆ ನಿಜಕ್ಕೂ ಆತಂಕ ತರುವುದು ಬೆಂಗಳೂರಿನ ಮಳೆ. ಬಂಪರ್‌ನ ಕೆಳಗೆ ಬಾಯ್ತೆರೆದ ಕೊಳವೆ ಅಂಡರ್‌ಪಾಸ್‌ನಲ್ಲಿ ನಿಂತ ನೀರನ್ನು ಹೀರಬಲ್ಲದು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಸಿಲಿಂಡರ್‌ಗೆ ನುಗ್ಗಿದರೆ ಪಿಸ್ಟನ್ ತಡೆದು ನಿಂತು, ಕನೆಕ್ಟಿಂಗ್ ರಾಡ್ ಬಾಗಿ, ಎಂಜಿನ್ನೇ ಹಾಳಾಗಬಹುದು. ಈಗಾಗಲೇ ಅಳವಡಿಸಿದ್ದರೆ, ದಯವಿಟ್ಟು ಮಳೆಗಾಲಕ್ಕೆ ಮುನ್ನ ಮೂಲ ಕೊಳವೆಯನ್ನೇ ಮರಳಿ ಕೂರಿಸಿ.